ಸೇತುವೆ ಹೋದದ್ದು ಯಾವ ನೆರೆಗೆ?

ನಾನು ಮಡಿಕೇರಿ ಬಿಡುವ ಮೊದಲೇ ತಲೆಬರಹ ಸಿದ್ಧವಾಗಿತ್ತು.

ಬೆಳಿಗ್ಗೆ ಪತ್ರಿಕೆಯ ಕೇಂದ್ರ ಕಚೇರಿಯಿಂದ ಫೋನ್ ಮಾಡಿದ ಸುದ್ದಿ ಸಂಪಾದಕರು, "ನಿಮ್ಮ ಕಡೆ ಸೇತುವೆಗೆ ಏನಂತಾರೆ?" ಎಂದು ಕೇಳಿದರು. ಪಾಲ ಅನ್ನುತ್ತಾರೆ ಎಂದೆ. ಅವರು ಅದನ್ನು ಬರೆದುಕೊಂಡರು. ಆಮೇಲೆ ಖುಷಿಯಿಂದ ಓದಿ ಹೇಳಿದರು: "ನೆರೆ ದೇಶದ ಪಾಲಾದ ನಮ್ಮ ಪಾಲ! ಹೇಗಿದೆ? ಮುಖಪುಟಕ್ಕೆ ಜಾಗ ಇಟ್ಟಿದೀನಿ. ಸಂಜೆಯೊಳಗೆ ಕಾಪಿ ಬರಲಿ. ಆ ಹೆಂಗಸಿನ ಮಾತು ಜೋರಾಗಿರಲಿ."

ಆ ಹೆಂಗಸಿನ ವಿಡಿಯೊ ಆಗಲೇ ಎಲ್ಲರ ಮೊಬೈಲಿನಲ್ಲಿತ್ತು. ಮಾದಾಪುರದಿಂದ ಮೇಲೆ, ಹೊಳೆಯಾಚೆ ಇರುವ ಸಣ್ಣ ಊರೊಂದರ ಪಂಚಾಯಿತಿ ಸದಸ್ಯರು ಮಾಡಿದ್ದು. ಹೊಳೆಯ ಎರಡೂ ದಡದಲ್ಲಿ ಖಾಲಿ ನಿಂತ ಕಾಂಕ್ರೀಟ್ ಕಟ್ಟೆಗಳನ್ನು ಅವರು ತೋರಿಸುತ್ತಾರೆ. ಇವುಗಳ ಮೇಲೆ ಕೂರಬೇಕಿದ್ದ ಉಕ್ಕಿನ ಸೇತುವೆಯನ್ನು ಚಂಡಮಾರುತ ಬಡಿದ ನೆರೆ ದೇಶಕ್ಕೆ ನೆರವೆಂದು ಕಳಿಸಿಬಿಟ್ಟರು ಎನ್ನುತ್ತಾರೆ. ಕೊನೆಗೆ, ಡಯಾಲಿಸಿಸ್‌ಗೆ ಹೋಗುವ ಹೆಂಗಸೊಬ್ಬರು ಕ್ಯಾಮೆರಾ ನೋಡಿ ಕೇಳುತ್ತಾರೆ: "ನಮಗ್ಯಾವಾಗ?" ಅಲ್ಲಿಗೆ ಮುಗಿಯುತ್ತದೆ.

ಆ ದಿನಗಳಲ್ಲಿ ನಮ್ಮ ದೇಶ ಹಡಗಿನಲ್ಲಿ ನೆರೆ ದೇಶಕ್ಕೆ ಇಂಥ ಸೇತುವೆಗಳನ್ನು ಕಳಿಸಿದ್ದು ನಿಜ. ಎಲ್ಲ ಚಾನೆಲ್‌ಗಳಲ್ಲೂ ಬಂದಿತ್ತು. ಪ್ಯಾನೆಲ್ ಎಂಬ ಉಕ್ಕಿನ ಚೌಕಟ್ಟುಗಳಿಗೆ ಪಿನ್ನು ಹೊಡೆದು ಒಂದಕ್ಕೊಂದು ಜೋಡಿಸಿ, ಉರುಳೆಗಳ ಮೇಲಿಟ್ಟು ಈ ದಡದಿಂದ ಆ ದಡಕ್ಕೆ ದೂಡುವ ಸೇತುವೆ ಅದು. ಬಿಚ್ಚಿ ಒಯ್ದು ಇನ್ನೊಂದು ಕಡೆ ಕಟ್ಟಬಹುದು. ಈ ಊರಿಗೂ ಅಂಥದ್ದೇ ಮಂಜೂರಾಗಿತ್ತೆಂದು ನನಗೆ ಗೊತ್ತಿತ್ತು. ಇಲ್ಲಿಯದೇ ಅಲ್ಲಿಗೆ ಹೋಯಿತೆಂದು ಹೇಳಿದವರು ಯಾರು ಎಂಬುದಷ್ಟೇ ಗೊತ್ತಿರಲಿಲ್ಲ. ಅದನ್ನು ಕೇಳಲೆಂದೇ ಹೊರಟೆ.

ಮಾದಾಪುರದಲ್ಲಿ ಬಸ್ಸಿಳಿದು ಆಟೊ ಹತ್ತಿದೆ. ಚಾಲಕರೇ ಆ ಹೆಂಗಸಿನ ಗಂಡ ಎಂಬುದು ಅರ್ಧ ದಾರಿಯಲ್ಲಿ ತಿಳಿಯಿತು.

"ನಾಳೆ ಬೆಳಿಗ್ಗೆ ಮಡಿಕೇರಿಗೆ ಕರ್ಕೊಂಡ್ ಹೋಗ್ಬೇಕು ಸಾರ್. ಹೋದ ಸಲ ಹೊಳೆ ಜಾಸ್ತಿ ಇತ್ತು, ತಪ್ಪೋಯ್ತು. ಇನ್ನೊಂದ್ ಸಲ ತಪ್ಪಿಸ್ಬೇಡಿ ಅಂತ ಡಾಕ್ಟ್ರು ಕಡ್ಡಿ ಮುರ್ದಂಗೆ ಹೇಳವ್ರೆ."

ಹೊಳೆ ಹತ್ತಿರ ಆಟೊ ನಿಲ್ಲಿಸಿ ಟಾರ್ಪಾಲು ಹೊದಿಸಿದರು. ವಿಡಿಯೊದಲ್ಲಿ ಕಂಡ ಕಟ್ಟೆಗಳು ಎರಡು ದಡದಲ್ಲೂ ಹಾಗೆಯೇ ಇದ್ದವು. ಆಚೆ ಕಟ್ಟೆಯ ಮೇಲೆ ಯಾರೋ ಬಟ್ಟೆ ಒಗೆಯುತ್ತಿದ್ದರು. ಕೆಳಗೆ ಊರವರೇ ಮಾಡಿಕೊಂಡ ಮರದ ಪಾಲ. ನಡುಹೊಳೆಯಲ್ಲಿ ಕಲ್ಲಿನ ಒಂದು ಕಂಬ, ಅದರ ಎರಡೂ ಕಡೆ ದಿಮ್ಮಿಗಳು. ನೀರು ದಿಮ್ಮಿಯನ್ನು ಮುಟ್ಟದೆ ಹರಿಯುತ್ತಿತ್ತು. ದಾಟಿದೆವು.

ಸದಸ್ಯರು ಛತ್ರಿ ಹಿಡಿದು ಕಾಯುತ್ತಿದ್ದರು. ಸ್ವಲ್ಪ ಕಾಫಿ, ಸ್ವಲ್ಪ ಮೆಣಸು ಬೆಳೆಯುವ ಮನುಷ್ಯ. ಪಂಚಾಯಿತಿಗೆ ಬಂದದ್ದೇ ಈ ಸೇತುವೆಯ ಹೆಸರಲ್ಲಿ.

"ಬನ್ನಿ ಬನ್ನಿ ಸಾರ್. ಅಂತೂ ಪೇಪರ್‌ನೋರು ಹೊಳೆ ದಾಟಿದ್ರಲ್ಲ! ಇಷ್ಟ್ ವರ್ಷ ಆ ದಡದಲ್ಲೇ ನಿಂತು ಫೋಟೊ ತಕ್ಕೊಂಡ್ ಹೋಗ್ತಿದ್ರಿ."

ಸೇತುವೆ ನೆರೆ ದೇಶಕ್ಕೆ ಹೋಯಿತೆಂದು ಯಾರು ಹೇಳಿದ್ದು ಎಂದು ಮೊದಲ ಪ್ರಶ್ನೆ ಕೇಳಿದೆ.

"ಇನ್ಯಾರು? ಎಂಜಿನಿಯರ್ರೇ. ನನ್ನ ಕಿವಿಯಾರೆ ಕೇಳಿದೀನಿ ಸಾರ್, ಫೋನಲ್ಲಿ. 'ನಿಮ್ಮ ಪ್ಯಾನೆಲ್ ನೆರೆಗೆ ಹೋಯ್ತು' ಅಂದ್ರು. ಅವತ್ತೇ ಸಂಜೆ ಟಿವಿ ಹಾಕಿದ್ರೆ ಹಡಗಿಗೆ ಕಬ್ಬಿಣ ತುಂಬ್ತಾವ್ರೆ! ಇನ್ನೇನ್ ಬೇಕು?"

ಎಂಜಿನಿಯರ್ ಬಾಯಿಂದಲೂ ಕೇಳಬೇಕು ಎಂದೆ. "ಕೇಳಿ, ಕೇಳಿ. ಆದ್ರೆ ಫೋನ್ ಸಿಗೋದು ಮೇಲೆ ಎಸ್ಟೇಟ್ ಕಣದ ಮೂಲೆಲಿ ಮಾತ್ರ," ಎಂದು ನಕ್ಕರು. ಕಾಫಿ ಒಣಗಿಸುವ ಆ ಅಂಗಳಕ್ಕೆ ಹತ್ತುವ ಮೊದಲು ಆ ಹೆಂಗಸನ್ನು ನೋಡಿಬಿಡೋಣವೆಂದು ಆಟೊ ಚಾಲಕರ ಮನೆಗೆ ಹೋದೆವು.

ಅವರು ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದರು. ಪಾದಗಳು ಊದಿದ್ದವು. ಪಕ್ಕದಲ್ಲಿ ಸಣ್ಣ ಲೋಟ. ದಿನಕ್ಕೆ ಕುಡಿಯಬಹುದಾದ ನೀರಿಗೆ ಅದೇ ಅಳತೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇವತ್ತು ಅಳಬೇಕಾ ಸಾರ್?" ಎಂದು ಕೇಳಿದರು. "ಮೊನ್ನೆ ಚಾನೆಲ್‌ನೋರು ಬಂದು ಒಂಚೂರು ಅಳಿ ಅಂದ್ರು. ನಂದು ಕಣ್ಣೀರೂ ಲೆಕ್ಕದ ಮೇಲೆ ಬಿಡ್ಬೇಕು ಅಂದೆ."

ಅಳುವುದು ಬೇಡ, ವಿಡಿಯೊದಲ್ಲಿ ಹೇಳಿದ್ದನ್ನು ಇನ್ನೊಮ್ಮೆ ಹೇಳಿದರೆ ಸಾಕು ಎಂದೆ.

"ಪೂರ್ತಿನಾ, ಇವ್ನು ಹಾಕಿರೋ ಅಷ್ಟೇನಾ?" ಎಂದು ಸದಸ್ಯರತ್ತ ಗದ್ದ ತೋರಿಸಿದರು. "ಪಾಪ, ಅವ್ರೂ ಹೊಳೆ ದಾಟ್ಬೇಕಲ್ಲ, ಕೊಡ್ಲಿ. ಅವ್ರಿಗೆ ಆಯ್ತು, ನಮಗ್ಯಾವಾಗ? ಅಂದಿದ್ದೆ ನಾನು. ನಮ್ಮ ಮೆಂಬರಣ್ಣ 'ಕೊಡ್ಲಿ'ನ ಕತ್ತರಿಸಿ ಹೊಳೆಗೆ ಹಾಕ್ಬಿಟ್ಟ."

"ಉದ್ದ ಆದ್ರೆ ಯಾರೂ ನೋಡಲ್ಲ ಕಣಕ್ಕ," ಎಂದರು ಸದಸ್ಯರು.

"ಕೊಡ್ಲಿ ಅಂತೆ!" ಗಂಡ ರೇಗಿದರು. "ಮೊದ್ಲು ನಿನ್ನ ಕಾಲು ನೋಡ್ಕೋ. ಇಲ್ಲಿರೋರ್ಗೆ ಮಾಡಿ, ಮಿಕ್ಕಿದ್ರೆ ಯಾರಿಗಾದ್ರೂ ಕೊಟ್ಕೊಳ್ಲಿ."

"ಅಲ್ಲೂ ನನ್ನಂಗೆ ಒಬ್ಳು ಕಾಲು ಊದಿಸ್ಕೊಂಡು ಕೂತಿರ್ತಾಳೆ. ಅವ್ಳ ಗಂಡನೂ ಹಿಂಗೇ ಕೂಗಾಡ್ತಿರ್ತಾನೆ ಬಿಡು."

ಮಳೆ ಜೋರಾದದ್ದು ಆಗ. ಹೆಂಚಿನ ಸದ್ದಿನಲ್ಲಿ ಮಾತು ಕೇಳದಂತಾಗಿ ಎಲ್ಲರೂ ಸುಮ್ಮನೆ ಕೂತೆವು. ಸ್ವಲ್ಪ ಕಡಿಮೆಯಾದ ಮೇಲೆ ಕೆಳಗಿನಿಂದ ಯಾರೋ ಕೂಗಿದರು. ಓಡಿಹೋಗಿ ನೋಡಿದೆವು. ಊರಿನ ಕಡೆಯ ದಿಮ್ಮಿಗಳು ಇರಲಿಲ್ಲ. ನಡುಗಂಬ ನಿಂತಿತ್ತು, ಅದರಾಚೆಯ ದಿಮ್ಮಿಗಳೂ ಇದ್ದವು. ಆ ದಡದಲ್ಲಿ ಟಾರ್ಪಾಲು ಹೊದ್ದ ಆಟೊ ಕಾಣುತ್ತಿತ್ತು.

"ಬೇರೆ ದಾರಿ?" ಎಂದು ಕೇಳಿದೆ.

"ಎಸ್ಟೇಟ್ ಒಳಗಿಂದ ಒಂದಿತ್ತು. ಗುಡ್ಡ ಕುಸಿದ ವರ್ಷ ಅದೂ ಹೋಯ್ತು. ಇವತ್ತು ನಮ್ಮನೇಲೇ ಊಟ ಸಾರ್," ಎಂದರು ಸದಸ್ಯರು. ಅವರ ದನಿಯಲ್ಲಿ ಒಂದು ತೃಪ್ತಿಯಿದ್ದಂತೆ ಕಂಡಿತು. ತಪ್ಪೆನ್ನಲಾರೆ. ಇಷ್ಟು ವರ್ಷ ಬರೀ ಬಾಯಲ್ಲಿ ಹೇಳಿದ್ದನ್ನು ಈಗ ಒಬ್ಬ ವರದಿಗಾರ ಅನುಭವಿಸುತ್ತಿದ್ದ. ಆಟೊ ಚಾಲಕರು ಮಾತ್ರ ನೀರನ್ನೇ ನೋಡುತ್ತಾ ನಿಂತಿದ್ದರು. ನಾಳೆ ಬೆಳಿಗ್ಗೆಗೆ ಉಳಿದದ್ದು ಹೆಚ್ಚು ಸಮಯವಲ್ಲ.

ಕಣದ ಮೂಲೆಗೆ ಹತ್ತಿದೆ. ಫೋನ್ ಜೀವ ಪಡೆದದ್ದೇ ತಡ ಸುದ್ದಿ ಸಂಪಾದಕರ ಕರೆ ಬಂತು. ಸಿಕ್ಕಿಹಾಕಿಕೊಂಡಿದ್ದೇನೆ ಎಂದಾಗ ಅವರ ಉತ್ಸಾಹ ಇಮ್ಮಡಿಯಾಯಿತು. "ಅದನ್ನೂ ಸೇರಿಸಿ. ಪ್ರತ್ಯಕ್ಷ ವರದಿ! ಎಂಜಿನಿಯರ್ ಒಪ್ಪಿದಾರೆ ಅಂತ ಒಂದು ಸಾಲು ಸಿಕ್ಕಿದ್ರೆ ಮುಗೀತು."

ಹಿರಿಯ ಅಧಿಕಾರಿ ಫೋನ್ ಎತ್ತಲಿಲ್ಲ. ಕೆಲಸ ನೋಡಿಕೊಳ್ಳುವ ಕಿರಿಯ ಎಂಜಿನಿಯರ್ ಎತ್ತಿದರು. ಸೇತುವೆಯ ಹೆಸರೆತ್ತುವುದೇ ತಡ, ಅವರು ಉರಿದುಬಿದ್ದರು.

"ನಿಮ್ಮದೂ ಅದೇ ಪ್ರಶ್ನೆಯಾ? ನಾನು ಆ ಮೆಂಬರಿಗೆ ಆವತ್ತೇ ಹೇಳಿದ್ದೇನಲ್ಲ, ನಿಮ್ಮ ಪ್ಯಾನೆಲ್ ನೆರೆಗೆ ಹೋಯಿತು ಅಂತ. ಅದರಲ್ಲಿ ಮುಚ್ಚಿಡುವಂಥದ್ದು ಎಂತ ಉಂಟು?"

ಡೆಸ್ಕಿಗೆ ಬೇಕಿದ್ದ ಸಾಲು ಸಿಕ್ಕಿತ್ತು. ಫೋನ್ ಇಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಆ 'ಎಂತ', ಆ 'ಉಂಟು' ಕಿವಿಯಲ್ಲಿ ಉಳಿಯಿತು. ಘಟ್ಟದ ಕೆಳಗಿನವರ ಮಾತು. ಮಾದಾಪುರದ ಕಡೆ ಹೊಳೆ ಉಕ್ಕಿದರೆ ಜನ 'ಹೊಳೆ ಬಂತು' ಅನ್ನುತ್ತಾರೆ, ಇಲ್ಲವೇ ಫ್ಲಡ್ಡು ಅನ್ನುತ್ತಾರೆ. ನೆರೆ ಎಂದರೆ ಅವರಿಗೆ ಪಕ್ಕದ ಮನೆ. ಕರಾವಳಿಯಲ್ಲಿ ಸಣ್ಣ ಮಕ್ಕಳೂ ಉಕ್ಕಿದ ನೀರಿಗೆ ನೆರೆ ಅನ್ನುತ್ತಾರೆ. ನಮ್ಮ ಡೆಸ್ಕಿನಲ್ಲಿ ಈ ಪದವನ್ನು ತಲೆಬರಹದಲ್ಲಿ ಒಂಟಿಯಾಗಿ ಬಿಡಬಾರದೆಂಬ ಪದ್ಧತಿಯೇ ಇದೆ. 'ನೆರೆಗೆ ನೆರವು' ಎಂದು ಬರೆದರೆ ಯಾರಿಗೆ ಎಂದು ಓದುಗ ಕೇಳುತ್ತಾನೆ.

"ಯಾವ ನೆರೆ?" ಎಂದು ಕೇಳಿದೆ.

"ಯಾವ ನೆರೆ ಅಂದರೆ? ನೆರೆ ಮಾರಾಯ್ರೆ! ಹೊಳೆಯಲ್ಲಿ ಬರುತ್ತದಲ್ಲ, ಆ ನೆರೆ. ಹೋದ ಮಳೆಗಾಲ ಕುಟ್ಟದ ಹತ್ತಿರ ರಸ್ತೆ ಕೊಚ್ಚಿ ಹೋಯಿತಲ್ಲ, ಅಲ್ಲಿಗೆ ಕೊಂಡುಹೋಗಿ ಹಾಕಿದ್ದು."

"ಈಗ ಎಲ್ಲಿದೆ?"

"ಅಲ್ಲೇ. ಅಲ್ಲಿ ಪರ್ಮನೆಂಟ್ ಸೇತುವೆ ಆಯಿತು. ಇದನ್ನು ಬಿಚ್ಚಿ ರಸ್ತೆ ಬದಿಗೆ ಹಾಕಿದ್ದಾರೆ."

ನೆರೆ ದೇಶಕ್ಕೆ ಹೋಗಿದೆ ಎಂದೇ ಊರವರು ತಿಳಿದಿದ್ದಾರೆ ಎಂದೆ. ಆ ಕಡೆ ದೀರ್ಘ ಉಸಿರು ಕೇಳಿಸಿತು. "ಅಯ್ಯೋ ದೇವರೇ... ಅದಕ್ಕಾ ಈ ಗಲಾಟೆ! ಆ ಹಡಗಿಗೂ ನಮ್ಮ ಪ್ಯಾನೆಲ್ಲಿಗೂ ಸಂಬಂಧವೇ ಇಲ್ಲ ಸರ್. ಅದು ಬೇರೆ ಸ್ಟಾಕು, ಬೇರೆ ಇಲಾಖೆ."

"ಹಾಗಾದರೆ ಬೇಸಿಗೆಯಲ್ಲೇ ಯಾಕೆ ತರಲಿಲ್ಲ?"

"ಅದನ್ನು ನನ್ನ ಹತ್ತಿರ ಕೇಳಬೇಡಿ." ಸ್ವಲ್ಪ ತಡೆದು, "ಹೆಸರು ಹಾಕಬೇಡಿ ಸರ್. ಕೊನೆಗೂ ಒಂದು ಲಾರಿಗೆ ಹೇಳಿ ಆಗಿತ್ತು. ಅಷ್ಟರಲ್ಲಿ ಈ ವಿಡಿಯೊ. ಫಾರಿನ್ನಿಗೆ ಹೋಗಿದೆಯಾ ಇಲ್ಲವಾ ಅಂತ ಮೇಲಕ್ಕೆ ವರದಿ ಹೋಗುವವರೆಗೆ ಒಂದು ಪಿನ್ನೂ ಮುಟ್ಟುವ ಹಾಗಿಲ್ಲವಂತೆ. ಲಾರಿಯನ್ನು ವಾಪಸ್ ಕಳಿಸಿದೆವು," ಎಂದರು.

ಒಬ್ಬರ ಮಾತಿನ ಮೇಲೆ ಬರೆಯುವ ಹಾಗಿರಲಿಲ್ಲ. ಜಿಲ್ಲೆಯ ಇನ್ನೊಂದು ತುದಿಯ ಕುಟ್ಟದಲ್ಲಿರುವ ನಮ್ಮ ಪತ್ರಿಕೆಯ ಏಜೆಂಟರಿಗೆ ಫೋನ್ ಮಾಡಿ, ಆ ಜಾಗಕ್ಕೆ ಹೋಗಿ ಕಣ್ಣಾರೆ ನೋಡಿ ಹೇಳಿ ಎಂದೆ. ಕಣದಲ್ಲೇ ಪ್ಲಾಸ್ಟಿಕ್ ಹೊದ್ದು ಕಾದೆ. ಅವರ ಕರೆ ಬಂತು. "ಇದೆ ಸಾರ್. ಕಬ್ಬಿಣದ ರಾಶಿ. ಮೇಲೆ ಬಳ್ಳಿ ಹಬ್ಬಿದೆ. ಒಂದು ಆಡು ಕಟ್ಟಿದ್ದಾರೆ. ಆಡಿನ ಫೋಟೊನೂ ಬೇಕಾ?" ಬೇಕು ಎಂದೆ. ಊರಿನ ಹೆಸರು ಬಳಿದ ಚೌಕಟ್ಟಿದ್ದರೆ ಅದರದ್ದೂ ಬೇಕು. ಚಿತ್ರ ಬಂತು, ಬಳ್ಳಿ ಸರಿಸಿದ ಜಾಗದಲ್ಲಿ ಬಿಳಿ ಬಣ್ಣದಲ್ಲಿ ಈ ಊರಿನ ಹೆಸರು, ಅದರ ಮುಂದೆ ಆಡು.

ಸದಸ್ಯರಿಗೆ ಮೊದಲು ತಿಳಿಸಬೇಕಿತ್ತು. ಅವರ ಮನೆಯಲ್ಲಿ ಅನ್ನ ಬಡಿಸಿಕೊಂಡು ಕೂತು ಹೇಳಿದೆ. ಆಟೊ ಚಾಲಕರೂ ಹೆಂಡತಿಯೂ ಅಲ್ಲೇ ಇದ್ದರು. ನೀರು ಇಳಿದ ತಕ್ಷಣ ಹೊರಡಲೆಂದು ಹೊಳೆಗೆ ಹತ್ತಿರವಾದ ಈ ಮನೆಗೆ ಅವರನ್ನು ಕರೆತಂದಿದ್ದರು.

ಸದಸ್ಯರು ಫೋಟೊವನ್ನು ದೊಡ್ಡದು ಮಾಡಿ ಊರಿನ ಹೆಸರು ನೋಡಿದರು. ಮೊದಲು ಮಾತಾಡಿದ್ದು ಆ ಹೆಂಗಸು. "ಎರಡಕ್ಷರ ಹಿಡ್ಕೊಂಡು ಸಮುದ್ರದಾಚೆ ತನಕ ಹೋಗ್ಬಂದ್ಯಲ್ಲಪ್ಪ! ಕುಟ್ಟಕ್ಕೆ ಒಂದ್ಸಲ ಹೋಗ್ಬಾರ್ದಿತ್ತಾ?"

ಸದಸ್ಯರು ನನ್ನ ಕಡೆ ತಿರುಗಿದರು. "ಇದನ್ನ ಬರೀತೀರಾ?"

"ಬರೆಯಬೇಕು."

"ಬರೀಬೇಡಿ ಅಂತ ಹೇಳ್ತಿಲ್ಲ. ಸ್ವಲ್ಪ ತಡೀರಿ ಸಾರ್. ಎಂಟತ್ತು ಅರ್ಜಿ ಕೊಟ್ಟಾಗ ಒಬ್ಬನೂ ತಿರುಗಿ ನೋಡ್ಲಿಲ್ಲ. ಫಾರಿನ್ ಅಂದ್ಮೇಲೆ ಎಲ್ರಿಗೂ ಕಣ್ಣು ಕಾಣ್ತು. ನಾಳಿದ್ದು ಮೆರವಣಿಗೆ ಮಾಡ್ತೀವಿ ಅಂತ ಮಡಿಕೇರಿಯ ಸಂಘಟನೆಯೋರಿಂದ ಫೋನ್ ಬಂದಿದೆ. ಕುಟ್ಟದಲ್ಲಿದೆ ಅಂತ ನೀವು ಬರೆದ್ರೆ, ಓ, ಇದು ಇಲಾಖೆ ವಿಷಯ ಅಂತ ಮತ್ತೆ ಎಲ್ರೂ ಮಲಗ್ತಾರೆ."

"ಲಾರಿ ನಿಂತದ್ದು ಈ ವಿಡಿಯೊದಿಂದ," ಎಂದೆ. ಹೇಳಲೇಬೇಕಾದ ಮಾತು. ಆದರೂ ಅವರ ಮನೆಯ ಅನ್ನ ಎಲೆಯಲ್ಲಿತ್ತು.

"ಅಂದ್ರೆ ನಾನು ನಿಲ್ಸಿದ್ದಾ?" ಅವರ ದನಿ ಏರಿತು. "ಬೇಸಿಗೆ ಪೂರ್ತಿ ನಿಲ್ಸಿದ್ದು ಯಾರು? ಆ ಕಬ್ಬಿಣ ಬೇರೆ, ಈ ಕಬ್ಬಿಣ ಬೇರೆ ಅಂತೀರಿ, ಒಪ್ದೆ. ಅವ್ರಿಗೆ ಸಮುದ್ರ ದಾಟಿ ಹೋಯ್ತು. ನಮಗೆ ಕುಟ್ಟದಿಂದ ಬರ್ಲಿಲ್ಲ. ಇದ್ರಲ್ಲಿ ಸುಳ್ಳು ಯಾವ್ದು ತೋರ್ಸಿ ನೋಡೋಣ."

ಅವರು ಕೇಳಿಸಿಕೊಂಡದ್ದು ತಪ್ಪು; ಕೇಳುತ್ತಿದ್ದ ಪ್ರಶ್ನೆ ತಪ್ಪಲ್ಲ. ಹೊರಗೆ ಕೊಡುವುದಕ್ಕೆ ಮೊದಲು ಒಳಗಿನದು ಮುಗಿಯಬೇಕೇ ಎಂಬ ಚರ್ಚೆಯನ್ನು ನಾನು ಎಷ್ಟೋ ಸಲ ವರದಿ ಮಾಡಿದ್ದೇನೆ. ಎರಡು ಕಡೆಯವರೂ ಯಾವಾಗಲೂ ದೇಶದ ಲೆಕ್ಕದಲ್ಲೇ ಮಾತಾಡುತ್ತಾರೆ. ಇಲ್ಲಿ ಮಾತ್ರ ದೂರುವುದಕ್ಕೆ ಹೊರಗಿನ ದೇಶವೊಂದು ಸಿಕ್ಕಿದ್ದರಿಂದ, ಹತ್ತಿರದ ಕಚೇರಿಯಲ್ಲಿ ಕೂತವರು ಯಾರಿಗೂ ಉತ್ತರ ಕೊಡಬೇಕಾಗಿರಲಿಲ್ಲ.

ಮತ್ತೆ ಕಣಕ್ಕೆ ಹತ್ತಿ ಸುದ್ದಿ ಸಂಪಾದಕರಿಗೆ ವಿಷಯ ಹೇಳಿದೆ. ಅವರು ನಿಟ್ಟುಸಿರು ಬಿಟ್ಟರು.

"ಒಳ್ಳೇ ತಲೆಬರಹ ಕೊಂದುಬಿಟ್ರಲ್ಲ. ಒಂದು ಕೆಲಸ ಮಾಡೋಣ. ಸದಸ್ಯರ ಆರೋಪ ಅಂತ ಹಾಕೋಣ. ಆರೋಪ ಅಂದ್ಮೇಲೆ ನಮ್ಮ ತಲೆಗೆ ಬರಲ್ಲ."

"ಸುಳ್ಳು ಅಂತ ನಮಗೆ ಗೊತ್ತಾದ ಮೇಲೆ ಅದು ಆರೋಪ ಅಲ್ಲ ಸರ್."

"ಹಾಗಾದ್ರೆ ಇದು ಜಿಲ್ಲಾ ಪುಟ. ಮುಖಪುಟ ಮರೆತುಬಿಡಿ."

ಮರೆತೆ. ನಿಂತಲ್ಲೇ ವರದಿ ಹೇಳತೊಡಗಿದೆ, ಅವರು ಬರೆಸಿಕೊಂಡರು. ಸಮುದ್ರದಾಚೆಗೆ ಸೇತುವೆಗಳನ್ನು ತಲುಪಿಸಿದ ನಾಡಿನಲ್ಲಿ, ಒಂದೇ ಜಿಲ್ಲೆಯ ಈ ತುದಿಯಿಂದ ಆ ತುದಿಗೆ ಒಂದು ಸೇತುವೆ ತಲುಪಿಲ್ಲ ಎಂಬುದು ಮೊದಲ ಸಾಲು. ವಿದೇಶಕ್ಕೆ ಹೋಗಿದೆ ಎಂಬುದು ನಿಜವಲ್ಲ ಎಂಬುದು ಎರಡನೆಯದು. ಬೇಸಿಗೆಯಲ್ಲಿ ಯಾಕೆ ತರಲಿಲ್ಲ ಎಂಬುದಕ್ಕೆ ಇಲಾಖೆ ಉತ್ತರಿಸಿಲ್ಲ. ವಿಡಿಯೊ ಹರಡಿದ ಮೇಲೆ ಲಾರಿಯನ್ನು ಹಿಂದಕ್ಕೆ ಕಳಿಸಲಾಗಿದೆ. ಈ ಸಾಲು ಹೇಳುವಾಗ ಕಣದ ಕೆಳಗೆ ಸದಸ್ಯರ ಛತ್ರಿ ಕಂಡಿತು. ಅವರು ಮೇಲೆ ಬರಲಿಲ್ಲ. ನಾನು ನಿಲ್ಲಿಸಲಿಲ್ಲ. ಕೊನೆಗೆ ಆ ಹೆಂಗಸಿನ ಮಾತು, 'ಕೊಡ್ಲಿ' ಸೇರಿಸಿ, ಪೂರ್ತಿಯಾಗಿ.

ಬೆಳಿಗ್ಗೆ ಮಳೆ ನಿಂತಿತ್ತು, ಹೊಳೆ ಇಳಿದಿರಲಿಲ್ಲ. ಹೆಂಗಸಿಗೆ ಮಲಗಿದರೆ ಉಸಿರು ಕಟ್ಟುತ್ತಿತ್ತು. ಗೋಡೆಗೆ ಒರಗಿ ಕೂತೇ ಇದ್ದರು. ಕಾಯುವುದು ಆಗದು ಎಂದು ಮೊದಲು ಹೇಳಿದವರು ಸದಸ್ಯರೇ. ಅಟ್ಟದಿಂದ ಮೆಣಸು ಕೊಯ್ಯುವ ಅಲ್ಯೂಮಿನಿಯಂ ಏಣಿ ಇಳಿಸಿದರು. ಪಕ್ಕದ ಮನೆಯಿಂದ ಇನ್ನೊಂದು ಬಂತು. ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರದ ತುದಿ ಮುಟ್ಟುವ ಏಣಿಗಳು ಅವು. ಎರಡನ್ನೂ ಅಕ್ಕಪಕ್ಕ ಮಲಗಿಸಿ, ತೋಟದ ಮರದ ಕೊಂಬೆ ಕಡಿಯುವವರು ಸೊಂಟಕ್ಕೆ ಬಿಗಿಯುವ ಹಗ್ಗದಿಂದ ಮೆಟ್ಟಿಲು ಮೆಟ್ಟಿಲಿಗೂ ಕಟ್ಟಿ, ಮೇಲೆ ಹಲಗೆ ಹಾಸಿದರು. ನಾನೂ ಹಿಡಿದೆ. ದಡದಿಂದ ನಡುಗಂಬದವರೆಗೆ ದೂಡುವಾಗ ತುದಿ ನೀರಿಗೆ ಬಾಗಿತು. ಈಚೆ ತುದಿಯ ಮೇಲೆ ಜನ ಕೂತು ಭಾರ ಕೊಟ್ಟರು. ಮುಂದೆ ದೂಡಿದಷ್ಟೂ ಹಿಂದೆ ಭಾರ. ಎಂಜಿನಿಯರುಗಳು ಉಕ್ಕಿನ ಸೇತುವೆ ದೂಡುವ ಕ್ರಮವೂ ಇದೇ. ಮೇಲೆ ಕಾಂಕ್ರೀಟ್ ಕಟ್ಟೆ ಖಾಲಿ ಇತ್ತು.

ಆ ಹೆಂಗಸು ಕೂತು ಜರುಗುತ್ತಾ ದಾಟಿದರು. ಡಯಾಲಿಸಿಸ್‌ಗೆ ಸೂಜಿ ಚುಚ್ಚುವ ಎಡಗೈಯನ್ನು ಎದೆಗೆ ಒತ್ತಿಕೊಂಡು, ಬಲಗೈ ಮಾತ್ರ ಊರುತ್ತಿದ್ದರು. ಮುಂದೆ ಗಂಡ ಹಿಮ್ಮುಖವಾಗಿ ಜರುಗುತ್ತಿದ್ದರು. ಹಿಂದೆ ಹಗ್ಗ ಹಿಡಿದು ಸದಸ್ಯರು. ನಡುವೆ ಹೆಂಗಸು ಒಮ್ಮೆ ನಿಂತರು. ಉಸಿರು ಸಾಲುತ್ತಿರಲಿಲ್ಲ. ಆಮೇಲೆ ಅವರೇ, "ವಿಡಿಯೊ ಯಾರೂ ಮಾಡ್ತಿಲ್ವಾ?" ಎಂದು ಕೇಳಿ ಮತ್ತೆ ಜರುಗಿದರು.

ಆಟೊದಲ್ಲಿ ನಾನೂ ಅವರ ಜತೆ ಮಡಿಕೇರಿಗೆ ಬಂದೆ. ತಡವಾಗಿದ್ದರೂ ಯಂತ್ರಕ್ಕೆ ಹಾಕಿದರು. ಇನ್ನು ಮಳೆಗಾಲ ಮುಗಿಯುವವರೆಗೆ ಹೊಳೆಯಾಚೆ ಹೋಗಬೇಡಿ ಎಂದರು ಡಾಕ್ಟರು. ಗಂಡ ಹೆಂಡತಿ ಪೇಟೆಯಲ್ಲೇ ಒಂದು ಕೋಣೆ ಹಿಡಿದರು. ಊರಲ್ಲಿ ಬಿಟ್ಟುಬಂದ ಅವರ ಹಸುವನ್ನು ಸದಸ್ಯರ ಮನೆಯವರು ನೋಡಿಕೊಂಡರು.

ವರದಿ ಒಳಪುಟದಲ್ಲಿ ಬಂತು, ಆಡಿನ ಫೋಟೊ ಸಮೇತ. ಮೆರವಣಿಗೆ ನಡೆಯಲಿಲ್ಲ, ಸದಸ್ಯರು ಹೇಳಿದ್ದು ನಿಜವಾಯಿತು. ನನಗೆ ಬೈದು ಫೋನ್ ಮಾಡಿದವರಲ್ಲಿ ಊರವರೂ ಇದ್ದರು. ಆಡನ್ನು ಬಿಚ್ಚಿಕೊಂಡು ಹೋಗಿದ್ದಾರೆ ಎಂದು ಕುಟ್ಟದ ಏಜೆಂಟರು ತಿಳಿಸಿದರು. ಅದೊಂದೇ ಬದಲಾವಣೆ. ಕಬ್ಬಿಣ ಮುಟ್ಟಬಾರದೆಂಬ ಮಾತನ್ನು ಯಾರೂ ಹಿಂತೆಗೆದುಕೊಂಡಿರಲಿಲ್ಲ.

ಒಂದು ಬೆಳಿಗ್ಗೆ ಸದಸ್ಯರೇ ನನ್ನ ಕಚೇರಿಗೆ ಬಂದರು. "ಕುಟ್ಟಕ್ಕೆ ಹೋಗೋಣ, ಬನ್ನಿ. ಎಂಜಿನಿಯರ್ರೂ ಬತ್ತಾರಂತೆ." ಮೂವರೂ ಒಂದೇ ಜೀಪಿನಲ್ಲಿ ಹೋದೆವು. ದಾರಿಯಲ್ಲಿ ಸದಸ್ಯರು, "ನೀವು ಪ್ರವಾಹ ಅಂದಿದ್ರೆ ಏನಾಗ್ತಿತ್ತು ಸಾರ್?" ಎಂದರು. ಎಂಜಿನಿಯರ್, "ನಮ್ಮ ಮನೆಯಲ್ಲಿ ಹಾಗೆ ಹೇಳಿದರೆ ಭಾಷಣ ಮಾಡುತ್ತಿದ್ದೇನೆ ಅಂತಾರೆ ಮಾರಾಯ್ರೆ," ಎಂದರು.

ರಸ್ತೆ ಬದಿಯಲ್ಲಿ ಸದಸ್ಯರು ಬಳ್ಳಿ ಕಿತ್ತು, ತಮ್ಮ ಊರಿನ ಹೆಸರಿನ ಮೇಲೆ ಅಂಗೈ ಇಟ್ಟರು. ತುಕ್ಕು ಅಂಟಿತು. ಎಂಜಿನಿಯರ್ ಚೌಕಟ್ಟುಗಳನ್ನು ತಟ್ಟಿ ನೋಡಿ, ಎಲ್ಲವೂ ಗಟ್ಟಿಯಾಗಿವೆ, ಕೆಲವು ಪಿನ್ನುಗಳಷ್ಟೇ ಕಾಣೆಯಾಗಿವೆ ಎಂದರು. ಹಾಗೆಂದು ತಾವೇ ವರದಿ ಬರೆದು ಮೇಲಕ್ಕೆ ಕಳಿಸುವುದಾಗಿಯೂ ಹೇಳಿದರು.

ಸದಸ್ಯರು ಫೋನ್ ತೆಗೆದರು. ಇನ್ನೊಂದು ಭಾಷಣ ಶುರುವಾಗುತ್ತದೆಂದು ಕಾದೆ. ಅವರು ಬಾಯಿ ತೆರೆಯಲಿಲ್ಲ. ರಾಶಿಯ ಈ ತುದಿಯಿಂದ ಆ ತುದಿಗೆ ನಿಧಾನವಾಗಿ ನಡೆದು ಚಿತ್ರೀಕರಿಸಿ, ಒಬ್ಬರಿಗೆ ಮಾತ್ರ ಕಳಿಸಿದರು.

"ಹಾಕಲ್ವಾ?" ಎಂದೆ.

"ಕುಟ್ಟದ ಕಬ್ಬಿಣನ ಯಾರು ನೋಡ್ತಾರೆ ಸಾರ್?"

ಜೀಪು ಹತ್ತುವ ಮೊದಲು ಉತ್ತರ ಬಂತು. ಆಟೊ ಚಾಲಕರ ನಂಬರು, ದನಿ ಹೆಂಡತಿಯದ್ದು. ಹಿನ್ನೆಲೆಯಲ್ಲಿ ಡಯಾಲಿಸಿಸ್ ಯಂತ್ರದ ಸದ್ದು. ಸದಸ್ಯರು ಎಲ್ಲರಿಗೂ ಕೇಳುವಂತೆ ಹಿಡಿದರು.

"ನೋಡ್ದೆ ಕಣಪ್ಪ. ಚೆನ್ನಾಗಿದೆ. ಬರುವಾಗ ಎತ್ಕೊಂಡ್ ಬಾ."

ಎಂಜಿನಿಯರ್ ಮುಖ ಆ ಕಡೆ ತಿರುಗಿಸಿದರು. ಸದಸ್ಯರು ಅದನ್ನು ಇನ್ನೊಮ್ಮೆ ಹಾಕಿ ಕೇಳಿದರು. ಆಮೇಲೆ ಮೂವರೂ ಬರಿಗೈಯಲ್ಲಿ ಜೀಪು ಹತ್ತಿದೆವು.